ಚರ್ಮಕ್ಕೆ ಹೊಲಿಗೆ ಬಿತ್ತು, ಬೆರಳು ಮಾತ್ರ ಮಡಚ್ಲಿಲ್ಲ

ಬೆರಳಿಗೆ ಕತ್ತಿನೋ ಗಾಜೋ ತಾಗಿ ಕುಯ್ದೋದ್ರೆ ನಾವೆಲ್ಲಾ ಮೊದ್ಲು ಕೇಳೋದು ರಕ್ತ ಎಷ್ಟ್ ಹೋಯ್ತು, ಹೊಲಿಗೆ ಎಷ್ಟ್ ಬಿತ್ತು ಅಂತ. ನನ್ನನ್ನ ನೋಡೋಕೆ ಬಂದೋರೆಲ್ಲಾ ಅದನ್ನೇ ಕೇಳಿದ್ರು. ಕೇಳ್ಬೇಕಾಗಿದ್ದು ಅದಲ್ಲ. ಬೆರಳಿನ ತುದಿ ಗಂಟು ಮಡಚುತ್ತಾ, ಮಧ್ಯದ ಗಂಟು ಮಡಚುತ್ತಾ, ಬೆರಳಿನ ಎರಡೂ ಪಕ್ಕ ಮುಟ್ಟಿದ್ರೆ ಗೊತ್ತಾಗುತ್ತಾ, ಈ ಮೂರೇ ಪ್ರಶ್ನೆ. ಇದನ್ನ ನೋಡೋಕೆ ಒಂದ್ ನಿಮಿಷ ಸಾಕು, ಯಾವ್ ಮಿಷನ್ನೂ ಬೇಡ ಸ್ಕ್ಯಾನೂ ಬೇಡ, ಆದ್ರೆ ನನ್ ಕೈಗೆ ಹೊಲಿಗೆ ಹಾಕ್ದಾಗ ಆ ಒಂದ್ ನಿಮಿಷ ಯಾರೂ ಕೊಡ್ಲಿಲ್ಲ. ಅದ್ಕೇ ಇಷ್ಟುದ್ದ ಬರೀತಾ ಇದೀನಿ, ಅಡುಗೆಮನೇಲಿ ಹೊಲದಲ್ಲಿ ಕೆಲ್ಸ ಮಾಡೋರು, ಅವ್ರ ಮಕ್ಕಳು ಯಾರಾದ್ರೂ ಓದ್ಲಿ ಅಂತ.

ನಾವು ಮಂಡ್ಯದಲ್ಲಿ ಒಂದ್ ಸಣ್ಣ ಮೆಸ್ ನಡೆಸ್ತೀವಿ, ನಾನು, ನಮ್ ಯಜಮಾನ್ರು, ನಮ್ಮತ್ತೆ, ಜೊತೆಗೊಬ್ಳು ಹುಡುಗಿ. ಮಧ್ಯಾಹ್ನ ಮುದ್ದೆ ಊಟ, ಸಾರು ದಿನಕ್ಕೊಂದ್ ಥರ. ಅವತ್ತು ಸಿಹಿಗುಂಬಳಕಾಯಿ ಹುಳಿ ಮಾಡ್ಬೇಕಿತ್ತು, ಸಿಪ್ಪೆ ಗಟ್ಟಿ ಇರೋ ದೊಡ್ಡ ಕಾಯಿ, ಈಳಿಗೆಮಣೆ ಮೇಲೆ ಕೂತು ಎರಡೂ ಕೈಲಿ ಹೋಳನ್ನ ಹಿಡಿದು ಅಲಗಿಗೆ ಒತ್ತಿದೆ, ಕಾಯಿ ಫಕ್ಕಂತ ಸೀಳಿ ಬಲಗೈ ಮುಂದಕ್ಕೆ ಜಾರ್ತು. ತೋರುಬೆರಳು, ಮಧ್ಯದ ಬೆರಳು ಎರಡೂ ಅಂಗೈ ಕಡೆಯಿಂದ ಕುಯ್ದೋಯ್ತು. ತೋರುಬೆರಳಲ್ಲಿ ರಕ್ತ ಸುರೀತಿತ್ತು, ನೋಡೋರಿಗೆ ಅದೇ ದೊಡ್ಡ ಗಾಯ. ಮಧ್ಯದ ಬೆರಳಲ್ಲಿ ಬುಡದ ಹತ್ರ ಅಡ್ಡಕ್ಕೆ ಒಂದ್ ಗೆರೆ ಅಷ್ಟೆ, ಒಂದೂವರೆ ಸೆಂಟಿಮೀಟರ್ ಇರ್ಬೋದು, ಅಂಚು ನೀಟಾಗಿತ್ತು.

ಹತ್ರದ ಒಂದ್ ಕ್ಲಿನಿಕ್ಕಿಗೆ ಹೋದ್ವಿ. ತೊಳುದ್ರು, ಮರಗಟ್ಟೋ ಇಂಜೆಕ್ಷನ್ ಕೊಟ್ರು, ಎರಡ್ ಬೆರಳಿಗೂ ಹೊಲಿಗೆ ಹಾಕಿ ಟಿಟಿ ಚುಚ್ಚಿ ದಪ್ಪಕ್ಕೆ ಬ್ಯಾಂಡೇಜ್ ಸುತ್ತಿದ್ರು. ಎಕ್ಸ್‌ರೇ ತೆಗೆದು ಮೂಳೆ ಚೆನ್ನಾಗೈತೆ, ಏನೂ ಯೋಚ್ನೆ ಮಾಡ್ಬೇಡಿ ಅಂದ್ರು. ಎಕ್ಸ್‌ರೇಲಿ ಕಾಣೋದು ಮೂಳೆ ಮಾತ್ರ ಅಲ್ವಾ, ಬೆರಳನ್ನ ಎಳೆಯೋ ನಾರಾಗ್ಲಿ (ಟೆಂಡನ್ ಅಂತಾರಲ್ಲ, ಅದು), ಸ್ಪರ್ಶ ತಿಳಿಸೋ ನರ ಆಗ್ಲಿ ಅದ್ರಲ್ಲಿ ಕಾಣಲ್ಲ. ಬ್ಯಾಂಡೇಜ್ ಸುತ್ತಿದ್ದಕ್ಕೆ ಬೆರಳು ನೆಟ್ಟಗೇ ಇತ್ತು, ಮಡಚೋ ಪ್ರಶ್ನೇನೇ ಬರ್ಲಿಲ್ಲ. ಒಂದ್ ಮಾತು ಇಲ್ಲೇ ಹೇಳ್ಬಿಡ್ತೀನಿ, ಮರಗಟ್ಟೋ ಇಂಜೆಕ್ಷನ್ ಕೊಟ್ಮೇಲೆ ಸ್ಪರ್ಶ ಇದ್ಯೋ ಇಲ್ವೋ ನೋಡೋಕಾಗಲ್ಲ, ಅದಕ್ಕೇ ಇಂಜೆಕ್ಷನ್‌ಗೆ ಮುಂಚೇನೇ ಪರೀಕ್ಷೆ ಆಗ್ಬೇಕು. ಈಗ ನಮ್ಮೆಸ್ಸಿಗೆ ಬರೋ ಹುಡುಗ್ರಿಗೂ ಅದನ್ನೇ ಹೇಳ್ತೀನಿ.

ನಾರು ಕಟ್ಟಾಗಿರೋದನ್ನ ಕಂಡ್‌ಹಿಡಿದಿದ್ದು ನಮ್ ಬೀದಿ ಸಿಸ್ಟರ್. ಸರ್ಕಾರಿ ಆಸ್ಪತ್ರೇಲಿ ತುಂಬಾ ವರ್ಷ ಡ್ಯೂಟಿ ಮಾಡಿ ರಿಟೈರ್ ಆದೋರು, ಡ್ರೆಸ್ಸಿಂಗ್ ಬದಲಾಯಿಸೋಕೆ ಅವ್ರನ್ನೇ ಕರೆದಿದ್ವಿ. ಬ್ಯಾಂಡೇಜ್ ಬಿಚ್ಚಿ, "ಎಲ್ಲಿ ಕಣಮ್ಮ, ಕೈನ ತೊಡೆ ಮೇಲೆ ಅಂಗಾತ ಬಿಟ್ಬಿಡು, ಬಿಗಿ ಹಿಡೀಬೇಡ" ಅಂದ್ರು. ಬಿಟ್ಟೆ. ನೀವೂ ಬೇಕಾದ್ರೆ ಈಗ್ಲೇ ನಿಮ್ಮ ಕೈ ಬಿಟ್ ನೋಡಿ, ಸುಮ್ನೆ ಇರೋ ಕೈಲಿ ತೋರುಬೆರಳು ಸ್ವಲ್ಪ ಮಡಚಿರುತ್ತೆ, ಮಧ್ಯದ್ದು ಇನ್ನೊಂಚೂರು ಜಾಸ್ತಿ, ಉಂಗುರದ್ದು ಅದಕ್ಕಿಂತ ಜಾಸ್ತಿ, ಕಿರುಬೆರಳು ಎಲ್ಲಕ್ಕಿಂತ ಜಾಸ್ತಿ. ನನ್ ಕೈಲಿ ಮಧ್ಯದ ಬೆರಳೊಂದೇ ನೆಟ್ಟಗೆ ನಿಂತಿತ್ತು. ಮಡಚು ಅಂದ್ರು, ಬುಡದಲ್ಲಿ ಒಂಚೂರು ಅಲ್ಲಾಡ್ತು, ಮಧ್ಯದ ಗಂಟೂ ಇಲ್ಲ, ತುದಿ ಗಂಟೂ ಇಲ್ಲ. ಸಿಸ್ಟರ್ ಮುಖ ನೋಡಿ ನಂಗೆ ಹೊಟ್ಟೇಲಿ ಸಂಕಟ ಆಯ್ತು. "ಊತಕ್ಕೆ ಹಿಂಗಾಗೈತೆ, ಎಣ್ಣೆ ಹಾಕಿ ನೀವಿದ್ರೆ ಸರೋಯ್ತದೆ" ಅಂದ್ರು ನಮ್ಮತ್ತೆ. ಇನ್ಯಾರೋ ಕಟ್ಟು ಕಟ್ಟೋರ ಹತ್ರ ಕರ್ಕೊಂಡೋಗಿ ಅಂದ್ರು. ಸಿಸ್ಟರ್ ಮಾತ್ರ ಗಟ್ಟಿಯಾಗಿ ಹೇಳಿದ್ರು, "ಊತ ಇದ್ರೆ ಪೂರ್ತಿ ಮಡಚೋಕಾಗಲ್ಲ, ಆದ್ರೆ ಸ್ವಲ್ಪನಾದ್ರೂ ಅಲ್ಲಾಡುತ್ತೆ, ಇದು ಅಲ್ಲಾಡ್ತಾನೇ ಇಲ್ಲ, ನಾರು ಕಟ್ಟಾಗೈತೆ, ಕೈ ಸರ್ಜರಿ ಮಾಡೋರಿಗೆ ತೋರ್ಸಿ, ನಾಳೆ ನಾಳಿದ್ದು ಅನ್ಬೇಡಿ." ಆ ಯಮ್ಮನ್ನ ನಾನು ಯಾವತ್ತೂ ಮರೆಯಲ್ಲ.

ಮಾರನೇ ದಿನ ಬೆಳಗ್ಗೆ ಟ್ರೈನಲ್ಲಿ ಮೈಸೂರಿಗೆ ಹೊರಟ್ವಿ. ಕೈ ಆಪರೇಷನ್ ಅಂದ್ರೆ ಮೂಳೆ ಡಾಕ್ಟರ್ರೇ ಅನ್ಕೊಂಡಿದ್ದೆ, ಆದ್ರೆ ಮೂಳೆ ಕಡೆಯಿಂದ ಬಂದೋರೂ ಮಾಡ್ತಾರೆ, ಪ್ಲಾಸ್ಟಿಕ್ ಸರ್ಜರಿ ಕಡೆಯಿಂದ ಬಂದೋರೂ ಮಾಡ್ತಾರೆ. ಕೈಯೊಳಗೆ ಮೂಳೆ, ನಾರು, ನರ, ರಕ್ತನಾಳ, ಚರ್ಮ ಎಲ್ಲಾ ಒಂದಿಂಚು ಜಾಗದಲ್ಲಿ ತುಂಬ್ಕೊಂಡಿರೋದ್ರಿಂದ ಅದನ್ನೇ ಬೇರೆಯಾಗಿ ಕಲಿತೋರು ಇದಾರೆ. ನಮ್ಗೆ ಸಿಕ್ಕಿದೋರು ಪ್ಲಾಸ್ಟಿಕ್ ಸರ್ಜನ್, ಕೈಯ್ಯಲ್ಲೇ ಜಾಸ್ತಿ ಕೆಲ್ಸ ಮಾಡಿರೋರು.

ಆ ಡಾಕ್ಟರ್ ಪರೀಕ್ಷೆ ಮಾಡಿದ ರೀತಿನ ವಿವರವಾಗೇ ಹೇಳ್ತೀನಿ, ಯಾಕಂದ್ರೆ ನಂಗೆ ಅಷ್ಟು ಸಮಾಧಾನ ಆಗಿದ್ದು ಅಲ್ಲೇ. ಮೊದ್ಲು ಕೇಳಿದ ಪ್ರಶ್ನೆ, "ಕುಯ್ದಾಗ ಬೆರಳು ಮಡಚಿತ್ತಾ ಅಮ್ಮ, ನೆಟ್ಟಗಿತ್ತಾ?" ಕಾಯಿ ಹಿಡಿದಿದ್ದೆ ಸಾರ್, ಮಡಚಿತ್ತು ಅಂದೆ. ಸರಿ, ಹಂಗಾದ್ರೆ ನಾರು ಕಟ್ಟಾಗಿರೋದು ಚರ್ಮದ ಗಾಯದ ಕೆಳಗಲ್ಲ, ಇನ್ನೂ ಮುಂದಕ್ಕೆ ತುದಿ ಕಡೆ ಇರುತ್ತೆ ಅಂದ್ರು. ಬೆರಳು ಮಡಚಿದ್ದಾಗ ನಾರು ಹಿಂದಕ್ಕೆ ಸರ್ದಿರುತ್ತೆ, ಆಗ ಅಲಗು ತಾಗಿ ಆಮೇಲೆ ಬೆರಳು ನೆಟ್ಟಗಾದ್ರೆ ಕಟ್ಟಾದ ತುದಿ ಮುಂದಕ್ಕೆ ಹೊರಟೋಗುತ್ತೆ. ಬರೀ ಗಾಯ ಬಿಡಿಸಿ ಇಣುಕಿದ್ರೆ ಒಳಗೆಲ್ಲಾ ಚೆನ್ನಾಗಿದೆ ಅನ್ಸೋದು ಇದಕ್ಕೇ ಅಂತೆ.

ಆಮೇಲೆ ನನ್ ಮಣಿಕಟ್ಟನ್ನ ಹಿಡ್ಕೊಂಡು ಮೆಲ್ಲಗೆ ಹಿಂದಕ್ಕೆ ಬಗ್ಗಿಸಿದ್ರು. ಹಂಗೆ ಮಾಡ್ದಾಗ ಬೆರಳುಗಳು ತಾವಾಗೇ ಮಡಚ್ಕೋಬೇಕು, ನಾವು ಪ್ರಯತ್ನ ಪಡ್ಬೇಕಾಗಿಲ್ಲ. ಮಿಕ್ಕಿದ್ದೆಲ್ಲಾ ಮಡಚ್ಕೊಂಡ್ವು, ಮಧ್ಯದ್ದು ಹಂಗೇ ನಿಂತಿತ್ತು. ಮಣಿಕಟ್ಟಿಗೂ ಮೊಣಕೈಗೂ ನಡುವಿನ ಮುಂಗೈ ಮಾಂಸಖಂಡ ಹಿಸುಕಿದ್ರು, ಅದಕ್ಕೂ ಅಲ್ಲಾಡ್ಲಿಲ್ಲ. ಒಂದೊಂದು ಬೆರಳಿಗೂ ಮಡಚೋಕೆ ಎರಡೆರಡು ನಾರು ಅಂತೆ, ಒಳಗಿಂದು ತುದಿ ಗಂಟಿನ ತನಕ ಹೋಗುತ್ತೆ, ಮೇಲಿಂದು ಮಧ್ಯದ ಗಂಟು ದಾಟಿ ನಿಲ್ಲುತ್ತೆ. ಮಧ್ಯದ ಗಂಟನ್ನ ಅಲ್ಲಾಡ್ದಂಗೆ ಹಿಡಿದು "ತುದಿ ಮಾತ್ರ ಮಡ್ಚಿ" ಅಂದ್ರೆ ಒಳಗಿನ ನಾರಿನ ಪರೀಕ್ಷೆ. ಮಿಕ್ಕ ಬೆರಳುಗಳನ್ನೆಲ್ಲಾ ನೆಟ್ಟಗೆ ಒತ್ತಿ ಹಿಡಿದು "ಇದೊಂದು ಮಡ್ಚಿ" ಅಂದ್ರೆ ಮೇಲಿನ ನಾರಿನ ಪರೀಕ್ಷೆ. ತೋರುಬೆರಳು ಎರಡ್ರಲ್ಲೂ ಪಾಸು, ಅಷ್ಟ್ ರಕ್ತ ಹೋಗಿದ್ರೂ ಅಲ್ಲಿ ಚರ್ಮ ಮಾತ್ರ ಕುಯ್ದಿತ್ತು. ಸಣ್ಣ ಗೆರೆ ಇದ್ದ ಮಧ್ಯದ ಬೆರಳಲ್ಲಿ ಎರಡೂ ನಾರು ಹೋಗಿತ್ತು.

ನರದ ಪರೀಕ್ಷೆಗೆ ಒಂದ್ ಪೇಪರ್ ಕ್ಲಿಪ್ ಬಿಡಿಸಿ ಎರಡ್ ತುದಿ ಮಾಡ್ಕೊಂಡು ಬೆರಳ ತುದಿಗೆ ತಾಗಿಸಿದ್ರು, ಕಣ್ಮುಚ್ಕೊಂಡು ಒಂದಾ ಎರಡಾ ಹೇಳ್ಬೇಕು. ಚೆನ್ನಾಗಿರೋ ಬೆರಳ ತುದೀಲಿ ಐದಾರು ಮಿಲಿಮೀಟರ್ ದೂರ ಇದ್ರೂ ಎರಡು ಅಂತ ಗೊತ್ತಾಗುತ್ತೆ. ಮಧ್ಯದ ಬೆರಳಿನ ತೋರುಬೆರಳ ಕಡೆ ಪಕ್ಕದಲ್ಲಿ ನಂಗೆ ತಾಗಿದ್ದೇ ಗೊತ್ತಾಗ್ಲಿಲ್ಲ. ಆಮೇಲೆ ಪ್ಲಾಸ್ಟಿಕ್ ಪೆನ್ನೊಂದನ್ನ ಆ ಪಕ್ಕದ ಮೇಲೆ ಎಳುದ್ರು, ಸುಮ್ನೆ ಜಾರ್ಕೊಂಡು ಹೋಯ್ತು. ಇನ್ನೊಂದ್ ಪಕ್ಕದಲ್ಲಿ ಸ್ವಲ್ಪ ಅಂಟ್ಕೊಂಡು ಹೋಯ್ತು. ನರ ಕಟ್ಟಾದ ಕಡೆ ಬೆವರು ಬರಲ್ಲ, ಅದ್ಕೇ ಒಣಗಿರುತ್ತಂತೆ. ಮಾತು ಬರ್ದಿರೋ ಸಣ್ಣ ಮಕ್ಕಳ ಕೈ ಕುಯ್ದಾಗ ಇದೇ ಥರ ನೋಡ್ತಾರಂತೆ, ಇಲ್ಲಾಂದ್ರೆ ನೀರಲ್ಲಿ ನೆನೆಸಿ ಚರ್ಮ ಸುಕ್ಕಾಗುತ್ತಾ ಅಂತ ನೋಡ್ತಾರಂತೆ, ನರ ಹೋಗಿದ್ರೆ ಸುಕ್ಕಾಗಲ್ಲ.

ಕೊನೇಗೆ ಹೆಬ್ಬೆರಳು ಕಿರುಬೆರಳು ಮುಟ್ಟಿಸಿ ಮಣಿಕಟ್ಟು ಸ್ವಲ್ಪ ಮಡ್ಚಿ ಅಂದ್ರು. ಮಣಿಕಟ್ಟಿನ ನಡುವೆ ಒಂದ್ ನಾರು ಎದ್ದು ಕಾಣಿಸ್ತು. ಅದು ಎಲ್ರಿಗೂ ಇರಲ್ವಂತೆ, ಇಲ್ಲದೇ ಇದ್ರೂ ಏನೂ ತೊಂದ್ರೆ ಇಲ್ವಂತೆ, ಕಟ್ಟಾದ ನಾರು ನೇರ ಜೋಡಿಸೋಕಾಗ್ದೇ ಇದ್ರೆ ಅದನ್ನೇ ತೆಗೆದು ತೇಪೆ ಹಾಕ್ತಾರಂತೆ. ನಿಮ್ಗೆ ಬೇಕಾಗ್ದೇ ಇರ್ಬೋದು, ಇದೆ ಅಂತ ಬರ್ಕೊಂಡಿರ್ತೀನಿ ಅಷ್ಟೆ ಅಂದ್ರು.

ಆಮೇಲೆ ಒಂದ್ ಪೇಪರ್ ಮೇಲೆ ಚಿತ್ರ ಬರ್ದು ನಮ್ ಯಜಮಾನ್ರಿಗೂ ಸೇರ್ಸಿ ವಿವರಿಸಿದ್ರು. ಬೆರಳೊಳಗೆ ಅದನ್ನ ಮಡಚೋ ಮಾಂಸಖಂಡ ಇಲ್ಲ, ಅದು ಇರೋದು ಮುಂಗೈಲಿ. ಅಲ್ಲಿಂದ ಸೈಕಲ್ ಬ್ರೇಕ್ ಕೇಬಲ್ ಥರ ನಾರು ಒಂದ್ ಕೊಳವೆಯೊಳಗೆ ಓಡಾಡ್ಕೊಂಡು ಬೆರಳನ್ನ ಎಳೆಯುತ್ತೆ. ಆ ನಾರು ಮೂಳೆ ಬಿಟ್ಟು ಮೇಲೇಳ್ದೇ ಇರ್ಲಿ ಅಂತ ಅಲ್ಲಲ್ಲಿ ಗಟ್ಟಿ ಪಟ್ಟಿ ಇರ್ತವೆ, ಅದಕ್ಕೆ ಪುಲ್ಲಿ ಅಂತಾರೆ. ಅಂಗೈ ಮೇಲ್ಗೆರೆಯಿಂದ ಬೆರಳಿನ ಮಧ್ಯದ ಮೂಳೆ ಅರ್ಧದವರೆಗಿನ ಜಾಗದಲ್ಲಿ ಎರಡು ನಾರೂ ಒಂದೇ ಇಕ್ಕಟ್ಟು ಕೊಳವೇಲಿ ಓಡಾಡ್ತವೆ, ನಂದು ಕಟ್ಟಾಗಿದ್ದು ಅಲ್ಲೇ, ಅದನ್ನ ಎರಡನೇ ವಲಯ ಅಂತಾರೆ. ಅಮೆರಿಕದಲ್ಲಿ ಕೈ ಸರ್ಜರಿಗೆ ತಳಹದಿ ಹಾಕಿದ ಸ್ಟರ್ಲಿಂಗ್ ಬನೆಲ್ ಅನ್ನೋರು ಈ ಜಾಗಕ್ಕೆ ಕೈ ಹಾಕ್ಬೇಡಿ, ಚರ್ಮ ಮುಚ್ಚಿ ಬಿಟ್ಟು ಆಮೇಲೆ ಬೇರೆ ಕಡೆಯಿಂದ ನಾರು ತಂದು ಹಾಕಿ ಅಂತಿದ್ರಂತೆ, ಯಾಕಂದ್ರೆ ಹೊಲಿದ ನಾರು ಕೊಳವೆಗೇ ಅಂಟ್ಕೊಂಡು ಬೆರಳು ಕಡ್ಡಿಯಾಗ್ಬಿಡ್ತಿತ್ತು. 1960ರ ದಶಕದಲ್ಲಿ ಹೆರಾಲ್ಡ್ ಕ್ಲೈನರ್ಟ್ ಮತ್ತೆ ಅವ್ರ ಜೊತೆಯೋರು ಅಲ್ಲೇ ನೇರವಾಗಿ ಹೊಲಿದು, ಮೊದ್ಲಿಂದ್ಲೇ ಬೆರಳು ಆಡಿಸಿ, ಆಗುತ್ತೆ ಅಂತ ತೋರ್ಸಿದ್ರು. ಇಲ್ಲಿಗೆ ಹತ್ರದ ವೆಲ್ಲೂರಲ್ಲಿ ಪಾಲ್ ಬ್ರಾಂಡ್ ಅನ್ನೋ ಸರ್ಜನ್ನು ಕುಷ್ಠರೋಗದಿಂದ ಬೆರಳು ಮುದುರಿಹೋದೋರಿಗೆ ನಾರು ಜಾಗ ಬದಲಾಯಿಸಿ ಹಾಕಿ ಕೈಗೆ ಕೆಲ್ಸ ಬರ್ಸಿದ್ದನ್ನೂ ಡಾಕ್ಟರ್ರು ಹೇಳಿದ್ರು. ನಮ್ಮಂಥೋರ ಕೈಗೆ ಇಷ್ಟು ಜನ ತಲೆ ಕೆಡಿಸ್ಕೊಂಡವ್ರಲ್ಲ ಅಂತ ನಂಗೆ ನಿಜ್ವಾಗ್ಲೂ ಧೈರ್ಯ ಬಂತು.

ಟೈಮಿನ ಲೆಕ್ಕ ಮಾತ್ರ ಗಮನ ಇಟ್ಟು ಓದಿ. ನಾರು ಕಟ್ಟಾದ್ರೆ ಕೆಲವೇ ದಿನದಲ್ಲಿ ಹೊಲಿಯೋದು ಉತ್ತಮ, ಎರಡ್ ವಾರದ ಒಳಗೆ ಇದ್ರೆ ಸಾಮಾನ್ಯವಾಗಿ ನೇರ ಜೋಡಿಸಬಹುದು. ತಡ ಆದಷ್ಟೂ ಕಟ್ಟಾದ ನಾರಿನ ಮುಂಗೈ ಕಡೆ ತುದಿ ಅಂಗೈ ಕಡೆ ಎಳ್ಕೊಂಡು ಕುಗ್ಗುತ್ತೆ, ಕೊಳವೆ ಮುಚ್ಚೋಗುತ್ತೆ. ಆಗ ಎರಡು ಆಪರೇಷನ್, ಮೊದ್ಲು ಸಿಲಿಕಾನ್ ಕಡ್ಡಿ ಹಾಕಿ ಸುತ್ತ ಹೊಸ ಕೊಳವೆ ಬೆಳೆಯೋಕೆ ಸುಮಾರು ಮೂರ್ ತಿಂಗಳು ಬಿಡೋದು, ಆಮೇಲೆ ಅದನ್ನ ತೆಗೆದು ತೇಪೆ ನಾರು ಹಾಕೋದು. ಹೊಲಿಗೆ ಬಿಚ್ಚೋಕೆ ಅಂತ ಹತ್ತು ದಿನ ಕಾದು, ಆಮೇಲೆ ಊತ ಇಳೀಲಿ ಅಂತ ಇನ್ನೊಂದಷ್ಟು ದಿನ ಎಣ್ಣೆ ನೀವ್ಕೊಂಡು ಕೂತಿದ್ರೆ ನಾನೂ ಅಲ್ಲಿಗೇ ಹೋಗ್ತಿದ್ದೆ.

ಆಪರೇಷನ್ ಅಂದ್ರೆ ಜ್ಞಾನ ತಪ್ಪಿಸ್ತಾರೆ ಅನ್ಕೊಂಡಿದ್ದೆ. ಇಲ್ಲಮ್ಮ, ನೀವು ಎಚ್ಚರ ಇರ್ಬೇಕು, ನಿಮ್ ಕೈಲೇ ಬೆರಳು ಮಡ್ಚಿಸಿ ನೋಡ್ತೀನಿ ಅಂದ್ರು. ಕೆನಡಾದ ಡೊನಾಲ್ಡ್ ಲಲಾಂಡ್ ಅನ್ನೋ ಸರ್ಜನ್ ತುಂಬಾ ಪ್ರಚಾರ ಮಾಡಿದ ಪದ್ಧತಿ, ವಾಲಂಟ್ ಅಂತಾರೆ. ಮರಗಟ್ಟೋ ಲಿಗ್ನೊಕೇನ್ ಜೊತೆ ಅಡ್ರಿನಲಿನ್ ಸ್ವಲ್ಪ ಬೆರೆಸಿ ಚುಚ್ತಾರೆ, ಅದು ರಕ್ತನಾಳನ ಬಿಗಿ ಮಾಡೋದ್ರಿಂದ ರಕ್ತ ಜಾಸ್ತಿ ಬರಲ್ಲ, ತೋಳಿಗೆ ಬಿಗಿಯಾಗಿ ಪಟ್ಟಿ ಕಟ್ಟಿ ರಕ್ತ ನಿಲ್ಲಿಸೋದೂ ಬೇಕಾಗಲ್ಲ. ಬೆರಳಿಗೆ ಅಡ್ರಿನಲಿನ್ ಹಾಕಿದ್ರೆ ಬೆರಳು ಸತ್ತೋಗುತ್ತೆ ಅನ್ನೋ ಭಯ ಡಾಕ್ಟರ್‌ಗಳಲ್ಲೂ ತುಂಬಾ ವರ್ಷ ಇತ್ತಂತೆ, ಈಗ ಪ್ರಪಂಚದಾದ್ಯಂತ ಹಾಕ್ತಾರೆ, ಅಕಸ್ಮಾತ್ ಬೆರಳು ಬೆಳ್ಳಗೇ ಉಳಿದ್ರೆ ಅದನ್ನ ತಿರುಗ್ಸೋ ಔಷಧಿನೂ ಪಕ್ಕದಲ್ಲೇ ಇಟ್ಕೊಂಡಿರ್ತಾರೆ. ಚುಚ್ಚಿದ್ಮೇಲೆ ಅರ್ಧ ಗಂಟೆ ಹತ್ರ ಸುಮ್ನೆ ಮಲಗಿಸಿದ್ರು, ಕೈ ಬೆಳ್ಳಗಾಯ್ತು. ನೋವಾಗಿದ್ದು ಮೊದಲ್ನೇ ಸೂಜಿ ಒಂದೇ, ಅದೂ ಸುಳ್ಳು ಹೇಳಲ್ಲ, ಉರೀತು.

ನೋಡ್ಬೇಕು ಅಂದ್ರೆ ನೋಡ್ಬೋದು ಅಂದ್ರು, ಮೊದ್ಲು ಬೇಡ ಅಂತ ಮುಖ ತಿರುಗಿಸ್ಕೊಂಡಿದ್ದೆ. ಬೆರಳಿನ ಉದ್ದಕ್ಕೂ ಅಂಕುಡೊಂಕಾಗಿ ಕುಯ್ತಾರೆ, ನೇರ ಕುಯ್ದ್ರೆ ಆಮೇಲೆ ಕಲೆ ಬಿಗ್ದು ಬೆರಳು ಸೊಟ್ಟ ಆಗುತ್ತೆ ಅಂತ. ಡಾಕ್ಟರ್ರು ಹೇಳಿದ್ದಂಗೇ ಮುಂದಿನ ತುದಿ ಗಾಯಕ್ಕಿಂತ ಮುಂದಕ್ಕಿತ್ತು, ಮುಂಗೈ ಕಡೆ ತುದಿಗಳು ಅಂಗೈ ಒಳಗೆ ಸರ್ಕೊಂಡಿದ್ವು. ಅಂಗೈಲಿ ಇನ್ನೊಂದು ಸಣ್ಣ ಸೀಳು ಮಾಡಿ, ಹಸುಗೂಸಿಗೆ ಹಾಲು ಕೊಡೋಕೆ ಮೂಗಿಗೆ ಹಾಕೋ ತೆಳ್ಳನೆ ಟ್ಯೂಬನ್ನ ಕೊಳವೆಯೊಳಗೆ ತೂರ್ಸಿ ಅದಕ್ಕೆ ನಾರು ಕಟ್ಟಿ ಎಳ್ಕೊಂಡ್ರು. ಕೈಲಿ ಏನೋ ಎಳೀತಿರೋದು ಗೊತ್ತಾಗ್ತಿತ್ತು, ನೋವು ಚೂರೂ ಇಲ್ಲ. ಆಮೇಲೆ ಕುತೂಹಲಕ್ಕೆ ನೋಡೇಬಿಟ್ಟೆ. ಬೆಳ್ಳಗೆ ಹೊಳೀತಿತ್ತು ನಾರು. ಇಷ್ಟ್ ವರ್ಷ ಮುದ್ದೆ ಕಟ್ಟಿದ್ದು ರುಬ್ಬಿದ್ದು ಮಕ್ಕಳಿಗೆ ಜಡೆ ಹಾಕಿದ್ದು ಎಲ್ಲಾ ಇದ್ರಿಂದ್ಲೇ ಅಲ್ವಾ ಅಂತ ಕಣ್ಣಲ್ಲಿ ನೀರ್ ಬಂತು.

ನಾರಿನ ಒಳಗೆ ನಾಲ್ಕು ಎಳೆ ದಾಟೋ ಹಾಗೆ ಗಟ್ಟಿ ಹೊಲಿಗೆ, ಸುತ್ತ ಅಂಚಿಗೆ ಇನ್ನೊಂದು ತೆಳ್ಳನೆ ಹೊಲಿಗೆ. ಎಳೆ ಜಾಸ್ತಿ ಆದಷ್ಟು ಜೋಡಣೆ ಗಟ್ಟಿ, ಆದ್ರೆ ದಪ್ಪ ಆದ್ರೆ ಕೊಳವೇಲಿ ಸಿಕ್ಕಾಕ್ಕೊಳುತ್ತೆ, ಅದಕ್ಕೆ ಲೆಕ್ಕ ನೋಡಿ ಹಾಕ್ತಾರೆ. ಹಾಕಿದ್ಮೇಲೆ "ಈಗ ಮಡ್ಚಿ ಅಮ್ಮ, ಮೆಲ್ಲಗೆ" ಅಂದ್ರು. ಬೆರಳು ಮಡಚ್ತು! ಪೂರ್ತಿ ಅಲ್ಲ, ಅರ್ಧಕ್ಕೆ ಹೋಗಿ ಒಂದ್ ಕಡೆ ತಡೀತು. ಜೋಡಣೆಯ ಗಂಟು ಒಂದ್ ಪುಲ್ಲಿ ಅಂಚಿಗೆ ಬಡೀತಿತ್ತು. ಪುಲ್ಲಿನ ಒಂಚೂರು ಸೀಳಿ ದಾರಿ ಬಿಡ್ಸಿದ್ರು, ಮತ್ತೆ ಮಡ್ಚಿ ಅಂದ್ರು, ಈ ಸಲ ಸಲೀಸಾಗಿ ಹೋಯ್ತು. ನಾನು ಮಲಗಿಬಿಟ್ಟಿದ್ರೆ ಆ ತಡೆ ಅವತ್ತು ಗೊತ್ತಾಗ್ತಿರ್ಲಿಲ್ಲ. ನರಕ್ಕೆ ಮೈಕ್ರೋಸ್ಕೋಪ್ ಇಟ್ಕೊಂಡು ಕೂದಲಿಗಿಂತ ತೆಳ್ಳಗಿರೋ ದಾರದಲ್ಲಿ ಹೊಲುದ್ರು, ಅದು ಮಾತ್ರ ತುಂಬಾ ಹೊತ್ತು ಹಿಡೀತು. ನಾನು ಮೇಲಿನ ಲೈಟ್ ನೋಡ್ಕೊಂಡು ಮಲಗಿದ್ದೆ, ಡಾಕ್ಟರ್ರು ನಮ್ ಮೆಸ್ಸಲ್ಲಿ ಯಾವ್ ದಿನ ಯಾವ್ ಸಾರು ಅಂತ ಕೇಳ್ತಿದ್ರು.

ಅಲ್ಲಿಗೆ ಮುಗೀತು ಅನ್ಕೊಂಡ್ರೆ ಇಲ್ಲ, ಕಷ್ಟ ಶುರುವಾಗಿದ್ದೇ ಅಲ್ಲಿಂದ. ಮೂರ್ನಾಲ್ಕು ದಿನಕ್ಕೆ ದಪ್ಪ ಬ್ಯಾಂಡೇಜ್ ತೆಗೆದು ಥೆರಪಿ ಹುಡುಗಿ ಹತ್ರ ಕಳ್ಸಿದ್ರು. ಪ್ಲಾಸ್ಟಿಕ್ ಹಾಳೆನ ಬಿಸಿನೀರಲ್ಲಿ ಮೆತ್ತಗೆ ಮಾಡಿ ನನ್ ಕೈ ಹಿಂಭಾಗಕ್ಕೇ ಅಚ್ಚು ಒತ್ತಿ ಸ್ಪ್ಲಿಂಟ್ ಮಾಡಿದ್ಳು. ಬೆರಳು ಬುಡದಲ್ಲಿ ಬಗ್ಗಿರುತ್ತೆ, ಪೂರ್ತಿ ಹಿಂದಕ್ಕೆ ಚಾಚೋಕಾಗಲ್ಲ, ಆದ್ರೆ ಅಂಗೈ ಕಡೆ ಮಡಚೋಕೆ ಜಾಗ ಇರುತ್ತೆ. 6 ವಾರ ಹಗಲೂ ರಾತ್ರಿ ಇದು ಬಿಚ್ಚೋ ಹಾಗಿಲ್ಲ ಅಕ್ಕ ಅಂದ್ಳು.

ಆ ಹುಡುಗಿ ಒಂದು ಮಾತು ದಿನಾ ಹೇಳ್ತಿದ್ಳು, "ಆಡಿಸ್ಬೇಕು ಅಕ್ಕ, ಬಳಸ್ಬಾರ್ದು." ಈ ಇಡೀ ಚಿಕಿತ್ಸೆ ನಿಂತಿರೋದೇ ಇದ್ರ ಮೇಲೆ. ಆಡಿಸ್ದೇ ಬಿಟ್ರೆ ನಾರು ಸುತ್ತ ಅಂಟ್ಕೊಂಡು ಬೆರಳು ಗಟ್ಟಿ ಆಗುತ್ತೆ. ಕೈನ ಕೆಲ್ಸಕ್ಕೆ ಹಚ್ಚಿದ್ರೆ ಹೊಲಿಗೆ ಕಿತ್ತೋಗುತ್ತೆ. ಹೊಲಿದ ನಾರು ಮೊದಲ್ನೇ ದಿನಕ್ಕಿಂತ ಎರಡ್ನೇ ವಾರದ ಹೊತ್ತಿಗೆ ಇನ್ನೂ ಮೆತ್ತಗಾಗಿರ್ಬೋದಂತೆ, ಕಿತ್ತೋಗೋ ಭಯ ಆಗ್ಲೇ ಜಾಸ್ತಿ. ಕಷ್ಟ ಏನಂದ್ರೆ ಅಷ್ಟೊತ್ತಿಗೆ ನೋವು ಹೋಗಿರುತ್ತೆ, ಕೈ ಚೆನ್ನಾಗಾಯ್ತು ಅಂತ ಅನ್ಸೋಕೆ ಶುರುವಾಗಿರುತ್ತೆ. ಥೆರಪಿಗೆ ಬರ್ತಿದ್ದ ಒಬ್ಬ ಹುಡುಗ, ಕಬ್ಬು ಕಡಿಯೋಕೆ ಹೋಗಿ ಮಚ್ಚು ತಗುಲಿಸ್ಕೊಂಡಿದ್ದೋನು, ಮನೇಲಿ ನೀರಿನ ಬಿಂದಿಗೆ ಎತ್ತಿದಾಗ ಟಪ್ ಅಂತು ಅಂತ ಬಂದು ಕೂತಿದ್ದ. ಅವನ ಮುಖ ನೋಡಿದ್ಮೇಲೆ ನಾನು ಕೈನ ಎದೆಗೆ ಒತ್ತಿ ಹಿಡ್ಕೊಂಡೇ ಓಡಾಡ್ತಿದ್ದೆ.

ಗಂಟೆಗೊಂದ್ಸಲ ವ್ಯಾಯಾಮ. ಮೊದ್ಲು ಎಡಗೈಲಿ ಬಲಗೈ ಬೆರಳುಗಳನ್ನ ಅಂಗೈ ತನಕ ಮೆತ್ತಗೆ ಮಡಚೋದು, ಊತ ಬಿಗಿ ಎಲ್ಲಾ ಸಡಿಲ ಆಗ್ಲಿ ಅಂತ. ಆಮೇಲೆ ಬೆರಳುಗಳನ್ನ ತಾವಾಗೇ ಅರ್ಧ ಮುಷ್ಟಿ ತನಕ ಮಡಚೋದು, ಬಲ ಹಾಕೋ ಹಾಗಿಲ್ಲ. ಆಮೇಲೆ ಸ್ಪ್ಲಿಂಟ್‌ಗೆ ತಾಗೋವರೆಗೂ ಮಧ್ಯದ ಗಂಟು ತುದಿ ಗಂಟು ನೆಟ್ಟಗೆ ಮಾಡೋದು, ಇದನ್ನ ಬಿಟ್ರೆ ಮಧ್ಯದ ಗಂಟು ಬಗ್ಗಿದ್ದು ಬಗ್ಗಿದ ಹಾಗೇ ನಿಂತ್ಬಿಡುತ್ತೆ. ಥೆರಪಿಗೆ ಮೈಸೂರಿಗೆ ಹೋಗೋ ದಿನ ಟ್ರೈನಲ್ಲಿ ಪಾಂಡವಪುರ ಬರೋ ಹೊತ್ತಿಗೆ ಒಂದ್ ಸುತ್ತು ಮಾಡ್ತಿದ್ದೆ, ಎದ್ರು ಸೀಟಿನ ಹೆಂಗಸ್ರು ಏನಾಯ್ತಮ್ಮ ಅಂತ ಕೇಳಿದ್ರೆ ಎಲ್ಲಾ ವಿವರವಾಗಿ ಹೇಳ್ತಿದ್ದೆ.

ಮನೇಲಿ ಆಗಿದ್ದನ್ನೂ ಹೇಳ್ಬೇಕು. ಬಲಗೈ ಇಲ್ಲ ಅಂದ್ರೆ ಊಟ ಮಾಡೋದೇ ದೊಡ್ಡ ಸಮಸ್ಯೆ. ಎಡಗೈಲಿ ಚಮಚ ಹಿಡಿದು ಅನ್ನ ತಿನ್ಬೋದು, ಮುದ್ದೆ ಮುರ್ದು ಸಾರಲ್ಲಿ ಅದ್ದಿ ನುಂಗೋದು ಎಡಗೈಲಿ ಬರಲ್ಲ, ಮನಸ್ಸೂ ಒಪ್ಪಲ್ಲ. ಮುದ್ದೆ ಬಿಟ್ಟು ನಂಗೆ ಹೊಟ್ಟೆ ತುಂಬಲ್ಲ. ನಮ್ಮತ್ತೆನೇ ಕೂತ್ಕೊಂಡು ತುತ್ತು ಮಾಡಿ ಬಾಯಿಗಿಡ್ತಿದ್ರು. ಎಣ್ಣೆ ನೀವೋಣ ಅಂದಿದ್ದೋರೇ, ಆಮೇಲೆ ನಾನು ವ್ಯಾಯಾಮ ಮರೀತೀನಿ ಅಂತ ಗಡಿಯಾರ ನೋಡ್ಕೊಂಡು "ಏ ಬೆರಳಾಡ್ಸವ್ವ" ಅಂತ ಅಡುಗೆಮನೆಯಿಂದ್ಲೇ ಕೂಗ್ತಿದ್ರು. ಮೆಸ್ಸಲ್ಲಿ ಹಿಟ್ಟು ತೊಳಸೋ ಕೆಲ್ಸ ಯಜಮಾನ್ರು ತಗೊಂಡ್ರು, ಮೊದಮೊದ್ಲು ಗಂಟು ಗಂಟಾಗ್ತಿತ್ತು, ಬರೋ ಹುಡುಗ್ರು ಒಂದ್ ಮಾತಾಡ್ದೇ ತಿಂದ್ಕೊಂಡು ಹೋದ್ರು. ದುಡ್ಡಿನ ಕಷ್ಟ ಇದ್ದೇ ಇತ್ತು. ಬಿಪಿಎಲ್ ಕಾರ್ಡ್ ಇರೋರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬರುತ್ತಾ ಅಂತ ಆಸ್ಪತ್ರೆ ಕೌಂಟರ್‌ನಲ್ಲಿ ಅಡ್ಮಿಟ್ ಆಗೋಕ್ ಮುಂಚೇನೇ ಕೇಳಿ, ಬಿಲ್ ಆದ್ಮೇಲೆ ಕೇಳಿದ್ರೆ ಏನೂ ಮಾಡೋಕಾಗಲ್ಲ.

6 ವಾರ ಆದ್ಮೇಲೆ ಸ್ಪ್ಲಿಂಟ್ ತೆಗೆದ್ರು. ಕೈ ಸಣ್ಣಗಾಗಿತ್ತು, ಚರ್ಮ ಪೊರೆ ಬಿಟ್ಟಿತ್ತು. ಬಟ್ಟೆ ಗುಂಡಿ ಹಾಕೋದು, ಹೂ ಎತ್ತೋದು, ಪೆನ್ ಹಿಡಿಯೋದು, ಇಂಥ ಹಗುರ ಕೆಲ್ಸಕ್ಕೆ ಮಾತ್ರ ಒಪ್ಪಿಗೆ. 8 ವಾರದ ಮೇಲೆ ಮೆತ್ತನೆ ಚೆಂಡು ಹಿಸುಕೋದು. ಪೂರ್ತಿ ಬಲ ಹಾಕೋ ಕೆಲ್ಸ 12 ವಾರ ಆದ್ಮೇಲೆ, ಕುದಿಯೋ ಪಾತ್ರೆಗೆ ಕೋಲು ಹಾಕಿ ಹಿಟ್ಟು ತೊಳಸೋದು ಅದ್ರಲ್ಲೇ ಬರುತ್ತೆ ಅಂತ ಥೆರಪಿ ಹುಡುಗಿ ಮೊದ್ಲೇ ಬರ್ದು ಕೊಟ್ಟಿದ್ಳು. ನಾನು ಏನ್ ಕೆಲ್ಸ ಮಾಡ್ತೀನಿ ಅಂತ ಮೊದಲ್ನೇ ದಿನಾನೇ ಕೂತು ಕೇಳಿ, ಕೋಲು ಎಷ್ಟ್ ದಪ್ಪ, ಪಾತ್ರೆ ಎಷ್ಟ್ ಮುದ್ದೆದು ಅಂತೆಲ್ಲಾ ತಿಳ್ಕೊಂಡು, ಕೊನೆ ಕೊನೆಗೆ ಅದೇ ದಪ್ಪದ ಮರದ ತುಂಡು ಹಿಡ್ಸಿ ಅಭ್ಯಾಸ ಮಾಡ್ಸಿದ್ಳು. ಅಂಥ ಥೆರಪಿಸ್ಟ್ ಸಿಕ್ಕೋದು ಪುಣ್ಯ. ಆಪರೇಷನ್ ಎಷ್ಟೇ ಚೆನ್ನಾಗಾಗಿದ್ರೂ ಥೆರಪಿ ಇಲ್ಲದ ಕಡೆ ಮಾಡಿಸ್ಕೋಬೇಡಿ, ಮೊದ್ಲೇ ಕೇಳ್ಕೊಳಿ, ಇದನ್ನ ನಾನು ಯಾರಿಗ್ ಬೇಕಾದ್ರೂ ಗಟ್ಟಿಯಾಗಿ ಹೇಳ್ತೀನಿ.

ನರದ ಕಥೆ ಬೇರೇನೇ. ಹೊಲಿದ ತಕ್ಷಣ ಸ್ಪರ್ಶ ವಾಪಸ್ ಬರಲ್ಲ, ಮೊದ್ಲು ಕೆಲವು ವಾರ ಸುಮ್ನೆ ಇರುತ್ತೆ, ಆಮೇಲೆ ಹೆಚ್ಚುಕಮ್ಮಿ ದಿನಕ್ಕೆ 1 ಮಿಲಿಮೀಟರ್ ಲೆಕ್ಕದಲ್ಲಿ ಬೆರಳ ತುದಿ ಕಡೆ ಬೆಳೀತಾ ಹೋಗುತ್ತೆ. ಎಲ್ಲಿವರೆಗೂ ಬಂದಿದೆ ಅಂತ ನೋಡೋಕೆ ಬೆರಳ ಮೇಲೆ ಮೆಲ್ಲಗೆ ತಟ್ಕೊಂಡು ಹೋಗ್ತಾರೆ, ಬೆಳೀತಿರೋ ತುದಿ ಸಿಕ್ಕಿದ ಕಡೆ ಜುಮ್ ಅನ್ನುತ್ತೆ. ಫ್ರಾನ್ಸಿನ ಜೂಲ್ಸ್ ಟಿನೆಲ್ 1915ರಲ್ಲಿ ಯುದ್ಧದಲ್ಲಿ ಗಾಯ ಆದೋರಲ್ಲಿ ನೋಡಿ ಬರೆದಿದ್ದ ಪರೀಕ್ಷೆ ಇದು. ನಂಗೆ ಆ ಜುಮ್ ಅನ್ನೋ ಜಾಗ ಪ್ರತಿ ಸಲಾನೂ ಸ್ವಲ್ಪ ಮುಂದಕ್ಕೆ ಹೋಗಿರ್ತಿತ್ತು, ಥೆರಪಿ ಹುಡುಗಿ ಪೆನ್ನಲ್ಲಿ ಚುಕ್ಕೆ ಇಟ್ಟು ತೋರ್ಸ್ತಿದ್ಳು. ಸ್ಪರ್ಶ ಬರ್ತಾ ಬರ್ತಾ ಕೆಲವು ದಿನ ಸೀರೆ ಸೆರಗು ತಾಗಿದ್ರೂ ಉರೀತಿತ್ತು, ಅದಕ್ಕೆ ಅಕ್ಕಿ ಡಬ್ಬಿ, ರಾಗಿ ಡಬ್ಬಿಯೊಳಗೆ ಬೆರಳು ಆಡಿಸೋದು, ಒರಟು ಟವೆಲ್ ಉಜ್ಜೋದು ಮಾಡ್ಸಿದ್ರು. ಸ್ಪರ್ಶ ಇಲ್ಲದ ಬೆರಳಿಗೆ ಬಿಸಿ ಪಾತ್ರೆ ತಾಗಿದ್ರೆ ಸುಟ್ಟಿದ್ದೂ ಗೊತ್ತಾಗಲ್ಲ, ಅಡುಗೆಮನೇಲಿ ಇರೋರು ಈ ಸಮಯದಲ್ಲಿ ಬಟ್ಟೆ ಹಿಡಿದೇ ಪಾತ್ರೆ ಮುಟ್ಬೇಕು.

ಈಗ ಎಲ್ಲಿಗೆ ಬಂದಿದೆ ಅಂದ್ರೆ, ಹಿಟ್ಟು ತೊಳಸ್ತಾ ಇದೀನಿ. ಮಧ್ಯದ ಗಂಟು ಚೆನ್ನಾಗಿ ಮಡಚುತ್ತೆ. ತುದಿ ಗಂಟು ಅರ್ಧದಷ್ಟೇ, ಮುಷ್ಟಿ ಕಟ್ಟಿದ್ರೆ ಮಧ್ಯದ ಬೆರಳ ತುದಿ ಅಂಗೈ ಮುಟ್ಟಲ್ಲ, ಒಂದ್ ಬೆರಳಿನ ಅಗಲ ಜಾಗ ಉಳಿಯುತ್ತೆ. ಚಳಿ ಬೆಳಗ್ಗೆ ಬೆರಳು ಬಿಗಿ ಅನ್ಸುತ್ತೆ. ಸೂಜಿಗೆ ದಾರ ಪೋಣಿಸೋದು ನಿಧಾನ, ಮಲ್ಲಿಗೆ ಕಟ್ಟೋದು ಇನ್ನೂ ಕೈಗೆ ಬಂದಿಲ್ಲ. ಎಡಗೈಲಿ ಹಿಡಿದು ಮಡ್ಚಿದ್ರೆ ಪೂರ್ತಿ ಹೋಗುತ್ತೆ, ತಾನಾಗೇ ಮಡಚಿದ್ರೆ ಅಲ್ಲೇ ನಿಲ್ಲುತ್ತೆ, ಅಂದ್ರೆ ಗಂಟು ಗಟ್ಟಿಯಾಗಿಲ್ಲ, ನಾರು ಎಲ್ಲೋ ಸ್ವಲ್ಪ ಅಂಟ್ಕೊಂಡಿದೆ ಅಂತ ಡಾಕ್ಟರ್ರು ಹೇಳಿದ್ರು. ಅದನ್ನ ಬಿಡಿಸೋಕೂ ಒಂದ್ ಆಪರೇಷನ್ ಇದೆ, ಮೂರರಿಂದ ಆರು ತಿಂಗಳು ಥೆರಪಿ ಮಾಡಿ ಇನ್ನು ಮುಂದಕ್ಕೆ ಹೋಗ್ತಾ ಇಲ್ಲ ಅಂತ ಆದ್ಮೇಲೇನೇ ಅದ್ರ ಮಾತು. ಬಿಡಿಸಿದ ಮಾರನೇ ದಿನದಿಂದ್ಲೇ ಮತ್ತೆ ಗಂಟೆ ಗಂಟೆಗೂ ವ್ಯಾಯಾಮ ಶುರು, ಬಿಡಿಸೋವಾಗ ನಾರು ಕಿತ್ತೋಗೋ ಅಪಾಯವೂ ಸ್ವಲ್ಪ ಇದ್ದೇ ಇದೆ. ಕೋಲು ಹಿಡಿಯೋಕೆ, ಮುದ್ದೆ ಕಟ್ಟೋಕೆ, ಮುದ್ದೆ ಮುರ್ದು ತಿನ್ನೋಕೆ ಈಗಿರೋ ಮಡಚು ಸಾಕಾಗಿದೆ, ಥೆರಪೀಲಿ ಇನ್ನೂ ಚೂರು ಚೂರು ಮುಂದಕ್ಕೂ ಹೋಗ್ತಿದೆ, ಅದಕ್ಕೆ ಸದ್ಯಕ್ಕೆ ಆಪರೇಷನ್ ಬೇಡ ಸಾರ್ ಅಂದಿದೀನಿ, ಅವ್ರೂ ಒಪ್ಪಿದಾರೆ. ದಸರಾ ಕಳೆದ್ಮೇಲೆ ಮತ್ತೆ ಹೋಗಿ ಅಳತೆ ಮಾಡಿಸ್ಬೇಕು, ಅಲ್ಲಿವರೆಗೂ ರಾತ್ರಿ ಹೊತ್ತು ಸಣ್ಣ ಸ್ಪ್ಲಿಂಟ್ ಹಾಕ್ಕೊಂಡು ಮಲಗು ಅಂದವ್ರೆ, ಹಾಕ್ಕೊಳ್ತಾ ಇದೀನಿ.